ಅತ್ತೆಯ ಕಾಲಿನ ಮೀನು

ಡಾಕ್ಟರಮ್ಮ ಬೆಳ್ಳಿಬಣ್ಣದ ಪೊಟ್ಟಣ ಬಿಡಿಸಿದರು. ಒಳಗಿದ್ದ ಬಿಳಿಯ ಒಣ ಹಾಳೆಯೊಂದನ್ನು ಚಿಮಟದಲ್ಲಿ ಎತ್ತಿ ಹಿಡಿದು, "ಇದು ಮೀನಿನ ಚರ್ಮ ಅಮ್ಮ. ನಿಮ್ಮ ಗಾಯಕ್ಕೆ ಇದನ್ನೇ ಹಾಕ್ತೀವಿ" ಎಂದರು.

"ಯಾವ ಮೀನು?" ಎಂದರು ನನ್ನ ಅತ್ತೆ.

ಬೇರೆಯವರಾಗಿದ್ದರೆ ನೋವಾಗುತ್ತದಾ ಎಂದು ಕೇಳುತ್ತಿದ್ದರು, ಇಲ್ಲವೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆದರೆ ನನ್ನ ಅತ್ತೆಗೆ ಮೀನುಮಾರುಕಟ್ಟೆಯಲ್ಲಿ ಕತ್ತಿಯಕ್ಕ ಎಂದೇ ಹೆಸರು. ಎಂಥ ಮೀನು ಕೊಟ್ಟರೂ ಗಿರಾಕಿಯ ಜೊತೆ ಹರಟುತ್ತಲೇ ಚಿಪ್ಪು ಹೆರೆದು, ಚರ್ಮ ಸುಲಿದು, ಮುಳ್ಳು ಬಿಡಿಸಿ ಕೈಗಿಡುತ್ತಿದ್ದರು. ಸುಲಿದ ಚರ್ಮ ಕಾಲಬುಡದ ಬುಟ್ಟಿಗೆ ಬೀಳುತ್ತಿತ್ತು, ಸಂಜೆ ಆ ಬುಟ್ಟಿ ಬೆಕ್ಕುಗಳ ಪಾಲಾಗುತ್ತಿತ್ತು. ಈಗ ಅದನ್ನೇ ಪೊಟ್ಟಣದಲ್ಲಿಟ್ಟು ಔಷಧಿ ಎಂದರೆ ಅವರು ವಿಚಾರಿಸದೆ ಬಿಡುತ್ತಾರೆಯೇ?

"ತಣ್ಣನೆ ಸಮುದ್ರದ ಮೀನು. ನಿಮ್ಮ ಮಾರ್ಕೆಟ್ಟಿಗೆ ಬರೋದಲ್ಲ" ಎಂದರು ಡಾಕ್ಟರಮ್ಮ.

"ಬರೋದಾಗಿದ್ರೆ ನೋಡಿದ ಕೂಡಲೇ ಹೇಳ್ತಿದ್ದೆ" ಎಂದು ಅತ್ತೆ ಮೂಸಿ ನೋಡಲು ಕೈ ಚಾಚಿದರು. ಸಿಸ್ಟರ್ ತಡೆದರು. ಅದನ್ನು ಬರಿಗೈಯಲ್ಲಿ ಮುಟ್ಟಬಾರದಂತೆ. "ಮುಟ್ಟದೆ ಮೂಸದೆ ಮೀನು ತಗೊಂಡಿದ್ದೇ ಇಲ್ಲ ನಾನು" ಎಂದು ಅತ್ತೆ ಗೊಣಗಿದರು. ಡಾಕ್ಟರಮ್ಮ ನಕ್ಕರು, ಆದರೆ ಕೈಗೆ ಕೊಡಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಇದೆ. ಪಾದಗಳಿಗೆ ಮೊದಮೊದಲು ಜೋಮು ಹಿಡಿಯುತ್ತಿತ್ತು. ಆಮೇಲೆ ಜೋಮೂ ಹೋಗಿ, ಏನೂ ಗೊತ್ತಾಗದ ಹಾಗಾಯಿತು. ಹಾಗಿರುವಾಗ ಒಂದು ದಿನ ಮೀನಿನ ದಪ್ಪ ಮುಳ್ಳೊಂದು ಚಪ್ಪಲಿಯನ್ನು ತೂರಿಕೊಂಡು ಹೆಬ್ಬೆರಳ ಬುಡಕ್ಕೆ ಹೊಕ್ಕಿತು. ಅವರಿಗೆ ತಿಳಿಯಲೇ ಇಲ್ಲ. ನೆಲದ ಮೇಲೆ ರಕ್ತ ಕಂಡಿತಂತೆ. ಮೀನಂಗಡಿಯ ನೆಲದಲ್ಲಿ ರಕ್ತ ಇರುವುದು ಹೊಸತೇ? ಬಕೆಟ್ ನೀರು ಸುರಿದು ತೊಳೆದುಬಿಟ್ಟರು. ಅದು ತಮ್ಮದೇ ರಕ್ತ ಎಂದು ಗೊತ್ತಾಗುವ ಹೊತ್ತಿಗೆ ಅಂಗಾಲಿನಲ್ಲಿ ಗುಳಿಯೇ ಬಿದ್ದಿತ್ತು. ಆಮೇಲೆ ಮುಲಾಮು, ಪುಡಿ, ಪಟ್ಟಿ ಎಂದು ತಿಂಗಳುಗಟ್ಟಲೆ ಅಲೆದೆವು. ಗಾಯ ಮಾತ್ರ ಜಪ್ಪಯ್ಯ ಎಂದರೂ ಮುಚ್ಚಲಿಲ್ಲ.

ಸಿಸ್ಟರ್ ಗಾಯದ ಸತ್ತ ಮಾಂಸವನ್ನು ಕೆರೆದು ತೆಗೆದರು. ಡಾಕ್ಟರಮ್ಮ ಹಾಳೆಯನ್ನು ಅಳತೆಗೆ ಕತ್ತರಿಸುತ್ತ, ಅದರಲ್ಲಿದ್ದ ಮೀನಿನ ಜೀವಕಣಗಳನ್ನೆಲ್ಲ ತೊಳೆದು ತೆಗೆದಿರುತ್ತಾರೆ, ಉಳಿದಿರುವುದು ಬರೀ ಜಾಲರಿ, ಆ ಜಾಲರಿ ಹಿಡಿದುಕೊಂಡು ನಿಮ್ಮ ಮಾಂಸ ಬೆಳೆಯಬೇಕು ಎಂದು ವಿವರಿಸಿದರು. "ಇದು ಕೆಡಲ್ಲ, ವಾಸನೆ ಬರಲ್ಲ, ಹೆದರ್ಕೋಬೇಡಿ" ಎಂದೂ ಹೇಳಿದರು. ಅತ್ತೆ ಗೋಣು ಅಲ್ಲಾಡಿಸುತ್ತಿದ್ದರು. ಅಷ್ಟರಲ್ಲಿ ಸಿಸ್ಟರ್ ಆ ಹಾಳೆಯನ್ನು ಒಂದು ಬಟ್ಟಲು ಉಪ್ಪುನೀರಿನಲ್ಲಿ ಅದ್ದಿದರು. ಕಾಗದದಂತಿದ್ದದ್ದು ಕಣ್ಣೆದುರೇ ಮೆತ್ತಗಾಗಿ, ಚಿಮಟದ ತುದಿಯಿಂದ ಜೋತುಬಿತ್ತು. ಅತ್ತೆಯ ಗೋಣು ನಿಂತಿತು. ಅವರ ಹುಬ್ಬು ಗಂಟಿಕ್ಕಿದ್ದನ್ನು ನಾನು ನೋಡಿದೆ, ಆದರೆ ಉರಿಯುತ್ತಿರಬೇಕು ಎಂದುಕೊಂಡೆ. ಉರಿ ತಿಳಿಯುವ ಕಾಲಲ್ಲ ಅದು ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ.

ಹೊರಡುವಾಗ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. "ಇದು ಹಿಡೀತು ಅಂದ್ರೆ ಕಾಲು ಉಳಿಯುತ್ತೆ. ಹಿಡೀಲಿಲ್ಲ ಅಂದ್ರೆ ಪಾದದ ಮುಂಭಾಗ ತೆಗೀಬೇಕಾಗುತ್ತೆ. ಕಾಲು ನೆಲಕ್ಕೆ ಊರಬೇಡಿ, ಪಟ್ಟಿ ಒದ್ದೆ ಮಾಡಬೇಡಿ. ಅಷ್ಟು ಮಾಡಿ ಸಾಕು."

ಆಟೋದಲ್ಲಿ ಅತ್ತೆ ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತಿದ್ದರು. ಆಮೇಲೆ, "ಮುಂಭಾಗ ಹೋದ್ರೆ ಕತ್ತಿ ಹಿಡ್ಕೊಂಡು ನಿಲ್ಲೋಕಾಗುತ್ತೇನೇ?" ಎಂದು ಕೇಳಿದರು. "ಹೋಗಲ್ಲ ಬಿಡಿ ಅತ್ತೆ" ಎಂದೆ.

ನಮ್ಮ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಅತ್ತೆಯ ಮಂಚವನ್ನು ಕಿಟಕಿಯ ಬಳಿ ಎಳೆದು, ಕಾಲಿನ ಕೆಳಗೆ ದಿಂಬು ಪೇರಿಸಿದೆವು. ನನ್ನ ಗಂಡ ಮೀನು ಹಿಡಿಯುವ ದೋಣಿಗೆ ಹೋದರೆ ಮತ್ತೆ ಯಾವಾಗ ಮುಖ ತೋರಿಸುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಹಾಗಾಗಿ ಅಂಗಡಿ ನನ್ನ ತಲೆಯ ಮೇಲೆ ಬಿತ್ತು. ಬೆಳಿಗ್ಗೆ ಹೋಗಿ ಕತ್ತಿ ಹಿಡಿದರೆ ಸಂಜೆಯವರೆಗೆ ಬಿಡುವಿಲ್ಲ. ಅತ್ತೆಯಷ್ಟು ಕೈಚಳಕ ನನಗಿಲ್ಲ ಎಂದು ಗಿರಾಕಿಗಳು ನನ್ನ ಮುಖಕ್ಕೇ ಹೇಳುತ್ತಿದ್ದರು. ಮಧ್ಯಾಹ್ನದ ಮೇಲೆ ಅತ್ತೆಯನ್ನು ನೋಡಿಕೊಳ್ಳುವ ಕೆಲಸ ಮಾವನದ್ದು.

ಮಾವನನ್ನು ಎಲ್ಲರೂ ಐಸಣ್ಣ ಎನ್ನುತ್ತಾರೆ. ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಇಳಿಸಿ, ಒಡೆದು, ಕೈಗಾಡಿಯಲ್ಲಿ ಅಂಗಡಿ ಅಂಗಡಿಗೆ ಹಂಚುವುದು ಅವರ ಕೆಲಸ. ಬೆಳಕು ಹರಿಯುವ ಮೊದಲೇ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮಾತು ಕಡಿಮೆ. ಅಂಗೈ ಮಾತ್ರ ಬಿರುಬೇಸಿಗೆಯಲ್ಲೂ ತಣ್ಣಗಿರುತ್ತದೆ. ನನ್ನ ಮಗಳು ಹುಟ್ಟಿದಾಗ ಆಸೆಯಿಂದ ಎತ್ತಿಕೊಳ್ಳಲು ಬಂದರು, ಕೂಸು ಬೆಚ್ಚಿಬಿದ್ದು ಕಿರುಚಿತು. ಆಮೇಲೆ ಎಷ್ಟೋ ದಿನ ಅವರು ಎರಡೂ ಕೈಗೆ ಟವೆಲ್ ಸುತ್ತಿಕೊಂಡೇ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿದ್ದರು.

ಅತ್ತೆ ಹಾಸಿಗೆ ಹಿಡಿದ ಮೇಲೆ ಈ ಗಂಡ ಹೆಂಡತಿಯ ನಡುವೆ ಏನೋ ಗುಟ್ಟು ನಡೆಯುತ್ತಿದೆ ಎಂದು ನನಗೆ ಅನ್ನಿಸತೊಡಗಿತು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ದಿಂಬಿನ ಕವರು ಒದ್ದೆಯಾಗಿರುತ್ತಿತ್ತು. ಕೇಳಿದರೆ, "ಕುಡಿಯೋ ನೀರು ಚೆಲ್ಲಿತು" ಎಂದು ಅತ್ತೆ, "ಹೌದು, ನೀರು" ಎಂದು ಮಾವ. ಈ ವಯಸ್ಸಿನಲ್ಲಿ ಇವರಿಬ್ಬರಿಗೆ ಇದೆಂಥ ಚೆಲ್ಲಾಟ ಎಂದು ಒಳಗೊಳಗೇ ನಗು ಬಂದಿತ್ತು.

ಮುಂದಿನ ವಾರ ಡಾಕ್ಟರಮ್ಮ ಪಟ್ಟಿ ಬಿಚ್ಚಿದಾಗ ನಗು ಆರಿಹೋಯಿತು. ಮೀನಿನ ಹಾಳೆ ಹಾಕಿದ ಹಾಗೇ ಕೂತಿತ್ತು, ಮಾಂಸ ಅದನ್ನು ಹಿಡಿದೇ ಇರಲಿಲ್ಲ. ಗಾಯದ ಅಂಚು ಬಿಳಿಚಿಕೊಂಡಿತ್ತು. ಕಿರುಬೆರಳ ಮೇಲೆ ಹೊಸದಾಗಿ ಒಂದು ನೀರ್ಗುಳ್ಳೆ ಎದ್ದಿತ್ತು. ಡಾಕ್ಟರಮ್ಮ ಬೆರಳನ್ನು ಒತ್ತಿ ಬಿಟ್ಟು, ಬಣ್ಣ ಮರಳುವುದನ್ನು ಕಾದು ನೋಡಿ, "ಪರೀಕ್ಷೆ ಮಾಡ್ಸಿದಾಗ ರಕ್ತ ಚೆನ್ನಾಗೇ ಓಡ್ತಿತ್ತಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

"ನಡೆದಾಡಿದ್ರಾ ಅಮ್ಮ?"

"ಇಲ್ಲ."

"ಬಿಸಿ ಏನಾದ್ರೂ ತಾಗಿಸಿದ್ರಾ? ಬಿಸಿನೀರು, ಶಾಖ?"

"ಬಿಸಿನಾ? ಅದರ ಹತ್ರಕ್ಕೂ ಬಿಟ್ಟಿಲ್ಲ" ಎಂದರು ಅತ್ತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆಮೇಲೆ.

ಡಾಕ್ಟರಮ್ಮ ಹೊಸ ಹಾಳೆ ಹಾಕಿದರು. ಇನ್ನೊಂದು ವಾರ ನೋಡೋಣ, ಆದರೆ ಆಪರೇಷನ್ನಿಗೆ ಈಗಲೇ ದಿನ ಗೊತ್ತುಮಾಡಿಡುವುದು ಒಳ್ಳೆಯದು ಎಂದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆ ತಲುಪುವ ತನಕ ಹೇಗೋ ತಡೆದುಕೊಂಡೆ. "ನಾನು ಅಂಗಡಿಗೆ ಹೋದ ಮೇಲೆ ನೀವು ಎದ್ದು ಓಡಾಡ್ತೀರಿ ಅತ್ತೆ. ಇಲ್ಲದಿದ್ರೆ ಹೀಗ್ಯಾಕಾಗುತ್ತೆ? ಕಾಲು ಹೋದ ಮೇಲೆ ಯಾರ ಮುಂದೆ ಕೂತು ಅಳ್ತೀರಿ?" ಎಂದು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಮಾರುಕಟ್ಟೆಯನ್ನೇ ನಡುಗಿಸುವ ಕತ್ತಿಯಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು. ಕಣ್ಣಲ್ಲಿ ನೀರಿತ್ತು. ನನಗೂ ಸಂಕಟವಾಯಿತು, ಆದರೆ ಬಿಗುಮಾನ ಬಿಡಲಿಲ್ಲ.

ಆ ವಾರದ ನಡುವೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮಂಜುಗಡ್ಡೆ ಸಾಲದೆ ಬಂತು. ಪಕ್ಕದ ಅಂಗಡಿಯವರ ತೊಟ್ಟಿ ತುಂಬಿತ್ತು, ನಮ್ಮದರಲ್ಲಿ ಮಾತ್ರ ಮೀನುಗಳ ಬೆನ್ನು ಬಯಲಾಗಿತ್ತು. ಐಸಣ್ಣನ ಸ್ವಂತ ಸೊಸೆಯ ಅಂಗಡಿಗೇ ಐಸ್ ಇಲ್ಲವೆಂದರೆ ಮಾನ ಉಳಿಯುತ್ತದೆಯೇ? ಮಾವನನ್ನೇ ಕೇಳೋಣವೆಂದು ಪಕ್ಕದವರಿಗೆ ಅಂಗಡಿ ಒಪ್ಪಿಸಿ, ಏಪ್ರನ್ನಿನಲ್ಲೇ ಮನೆಗೆ ಬಂದೆ.

ಬಾಗಿಲು ಸುಮ್ಮನೆ ಮುಂದಕ್ಕೆ ಹಾಕಿತ್ತು. ತಳ್ಳಿ ನೋಡಿದರೆ, ಮಾವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಅತ್ತೆಯ ಕಾಲು ಅವರ ತೊಡೆಯ ಮೇಲಿತ್ತು. ಪಟ್ಟಿ ಒದ್ದೆಯಾಗದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ, ಅದರ ಸುತ್ತ ಪುಡಿ ಮಾಡಿದ ಮಂಜುಗಡ್ಡೆಯ ಪೊಟ್ಟಣಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಒಳ್ಳೆಯ ಮೀನನ್ನು ದೂರದೂರಿಗೆ ಕಳಿಸುವಾಗ ಮಾಡುವಷ್ಟೇ ಅಚ್ಚುಕಟ್ಟು.

"ತಣ್ಣಗಿದೆಯಾ?" ಎಂದು ಮಾವ ಕೇಳುತ್ತಿದ್ದರು.

"ಹೂಂ, ಹಿತವಾಗಿದೆ" ಎಂದರು ಅತ್ತೆ.

ನಾನು ಹೊಸ್ತಿಲಲ್ಲೇ ನಿಂತೆ. "ಇದೇನು ಮಾಡ್ತಾ ಇದ್ದೀರಿ?" ಎಂದೆ. ಮಾವ ಎದ್ದು ನಿಲ್ಲಲು ಹೋದರು, ಕಾಲು ತೊಡೆಯ ಮೇಲಿದ್ದದ್ದು ನೆನಪಾಗಿ ಅಲ್ಲೇ ಉಳಿದರು.

"ಐಸ್ ಇಡ್ತಾ ಇದ್ದೀನಮ್ಮ" ಎಂದರು.

"ಯಾರು ಇಡೋಕೆ ಹೇಳಿದ್ರು?"

ಉತ್ತರ ಕೊಟ್ಟದ್ದು ಅತ್ತೆ. "ಮೀನಿಗೆ ಐಸ್ ಇಡು ಅಂತ ಯಾರಾದ್ರೂ ಹೇಳ್ಬೇಕೇನೇ? ಒಣಗಿರೋವಾಗ ಅದಕ್ಕೇನೂ ಬೇಡ, ನಾನೂ ಒಪ್ಕೋತೀನಿ. ಅವರು ನೀರಲ್ಲಿ ನೆನೆಸಿದ್ದನ್ನ ನೀನೂ ನೋಡಿದ್ಯಲ್ಲ. ನೆನೆದ ಮೇಲೆ ಅದೂ ಮೀನೇ. ಮೈ ಬಿಸಿಗೆ ಎಷ್ಟು ಹೊತ್ತು ತಡೆಯುತ್ತೆ? ಮಾರನೇ ದಿನಾನೇ ವಾಸನೆ ಬಂತು ನನಗೆ. ಇಷ್ಟು ವರ್ಷದಲ್ಲಿ ನನ್ನ ಅಂಗಡೀಲಿ ಒಂದು ಮೀನು ಹಳಸಿಲ್ಲ. ಈಗ ಕತ್ತಿಯಕ್ಕನ ಕಾಲಲ್ಲೇ ಕೆಟ್ಟ ಮೀನು ಅಂತ ಜನ ಆಡ್ಕೋಬೇಕಾ?"

ನಾನೂ ಅದೇ ಕತ್ತಿ ಹಿಡಿದವಳು. ಒಣಮೀನು ತಿಂಗಳುಗಟ್ಟಲೆ ಇರುತ್ತದೆ, ಆದರೆ ಒಮ್ಮೆ ನೆನೆಹಾಕಿದರೆ ಅದೇ ದಿನ ಖರ್ಚು ಮಾಡಬೇಕು, ಇಲ್ಲವೇ ಮಂಜುಗಡ್ಡೆಯಲ್ಲಿಡಬೇಕು. ಒಂದು ಗಳಿಗೆ ಅತ್ತೆಯ ಮಾತು ನನಗೂ ಸರಿ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಪೊಟ್ಟಣಗಳನ್ನೆಲ್ಲ ಕಿತ್ತು ಬಕೆಟ್ಟಿಗೆ ಎಸೆದು, ಪಟ್ಟಿಯ ಆಚೆ ಇಣುಕುತ್ತಿದ್ದ ಬೆರಳುಗಳನ್ನು ಮುಟ್ಟಿದೆ. ದಿನವಿಡೀ ನಾನು ಮುಟ್ಟುವುದು ಅಂಥದ್ದನ್ನೇ, ತೊಟ್ಟಿಯ ತಳದಿಂದ ಆಗಷ್ಟೇ ಎತ್ತಿದ ಮೀನು ಹಾಗಿರುತ್ತದೆ. ಅತ್ತೆಯ ಕಾಲು ಹಾಗಿದ್ದದ್ದು ನನ್ನಿಂದ ತಡೆಯಲಾಗಲಿಲ್ಲ. ಬೈಯಲೆಂದು ಬಾಯಿ ತೆರೆದವಳು ಅಳುತ್ತ ಕೂತುಬಿಟ್ಟೆ. "ಇದು ಮೀನಲ್ಲ ಅತ್ತೆ, ನಿಮ್ಮ ಕಾಲು" ಎಂದೆ. ಅತ್ತೆ ಗಾಬರಿಯಿಂದ ಒಮ್ಮೆ ನನ್ನನ್ನೂ ಒಮ್ಮೆ ತಮ್ಮ ಪಾದವನ್ನೂ ನೋಡಿದರು.

ಹಾಗೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ಮಾವನೂ ಬಂದರು. ನಾನು ಹೇಳಿದ್ದನ್ನು ಕೇಳಿ ಸಿಸ್ಟರ್ ಮೊದಲು ನಕ್ಕರು, ಡಾಕ್ಟರಮ್ಮನ ಮುಖ ನೋಡಿ ಸುಮ್ಮನಾದರು. ಡಾಕ್ಟರಮ್ಮ ಗದರುತ್ತಾರೆಂದು ನಾನು ಕಾದಿದ್ದೆ. ಅವರು ಸ್ಟೂಲ್ ಎಳೆದುಕೊಂಡು ಅತ್ತೆಯ ಎದುರು ಕೂತರು.

"ಕೆಡಲ್ಲ ಅಂತ ನಾನು ಹೇಳಿದ್ದೆ, ನೀವು ನಂಬಲಿಲ್ಲ ಅಲ್ವಾ?"

"ನಿಮ್ಮನ್ನ ನಂಬದೆ ಇರ್ತೀನಾ ಡಾಕ್ಟರಮ್ಮ? ಮೀನನ್ನ ನಂಬಲಿಲ್ಲ" ಎಂದರು ಅತ್ತೆ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಮೀನು ಕೆಡುವುದು ಅದರೊಳಗಿನ ರಕ್ತ, ಕೊಬ್ಬು, ಕಣ್ಣಿಗೆ ಕಾಣದ ಕ್ರಿಮಿಗಳಿಂದ, ಈ ಹಾಳೆಯಲ್ಲಿ ಅವು ಯಾವುವೂ ಇಲ್ಲ. ಅತ್ತೆಗೆ ಬಂದ ವಾಸನೆ ಮುಚ್ಚಿಟ್ಟ ಗಾಯದ ನೀರಿನದು. ಹಾಳೆಯನ್ನು ಹಿಡಿದುಕೊಳ್ಳಲು ಮೈಯ ರಕ್ತ ಅಲ್ಲಿಗೆ ಬರಬೇಕು. ಮಂಜುಗಡ್ಡೆ ಇಟ್ಟರೆ ರಕ್ತನಾಳ ಮುದುಡಿಕೊಂಡು, ಬರುವ ರಕ್ತವೂ ವಾಪಸ್ಸು ಹೋಗುತ್ತದೆ. ಸ್ಪರ್ಶವಿರುವ ಕಾಲಾಗಿದ್ದರೆ ಮರಗಟ್ಟಿ ನೋವಾಗಿ ಅವರೇ ಎಳೆದುಕೊಳ್ಳುತ್ತಿದ್ದರು.

"ಮೀನು ತಣ್ಣಗಿರಬೇಕು, ನೀವು ಬೆಚ್ಚಗಿರಬೇಕು. ಅಷ್ಟೇ ಅಮ್ಮ" ಎಂದು ಮುಗಿಸಿದರು. ಅತ್ತೆ ತಲೆ ತಗ್ಗಿಸಿದರು. ಡಾಕ್ಟರಮ್ಮ ಇನ್ನೊಂದು ಹಾಳೆ ಹಾಕಿ, ಆಪರೇಷನ್ನಿನ ದಿನವನ್ನು ಸ್ವಲ್ಪ ಮುಂದಕ್ಕೆ ಹಾಕಿಸಿದರು. ಕಿರುಬೆರಳಿನ ವಿಷಯದಲ್ಲಿ ಮಾತ್ರ ಮಾತು ಕೊಡಲಾರೆ ಎಂದರು.

ಮಾವ ಹೊರಗಿನ ಬೆಂಚಿನಲ್ಲಿದ್ದರು. ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ನೋಡುತ್ತ ಕೂತಿದ್ದರು. ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು. "ನನ್ನ ಕೈಯಾರೆ ಮಾಡಿದೆನಲ್ಲಮ್ಮ" ಎಂದರು. ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.

ಮರುದಿನ ಅವರು ರಬ್ಬರಿನ ಬಿಸಿನೀರಿನ ಚೀಲ ತಂದರು. ಮಾಡಿದ್ದನ್ನು ಸರಿಪಡಿಸುವ ಆತುರ. ನಾನು ಅದನ್ನು ಕಿತ್ತುಕೊಂಡು ಅಟ್ಟಕ್ಕೆಸೆದೆ. "ಐಸೂ ಬೇಡ, ಬೆಂಕಿನೂ ಬೇಡ ಮಾವ. ಸುಟ್ಟರೂ ಅವರಿಗೆ ಗೊತ್ತಾಗಲ್ಲ. ಹೊದಿಕೆ ಹೊದಿಸಿ ಸಾಕು" ಎಂದೆ. ಅವರು ಹೊದಿಸಿದರು. ಆಮೇಲೆ ಮಂಚದ ಹತ್ತಿರ ಬರುವುದನ್ನೇ ಬಿಟ್ಟರು. ಕೆಲಸ ಮುಗಿಸಿ ಬಂದು ಬಾಗಿಲ ಬಳಿ ಕೂತು ಓಣಿ ನೋಡುತ್ತಿದ್ದರು.

ಕೊನೆಗೆ ಪಟ್ಟಿ ಬಿಚ್ಚಿ ನೋಡುವ ದಿನ ಬಂತು. ಸಿಸ್ಟರ್ ಒಂದೊಂದೇ ಸುತ್ತು ಬಿಚ್ಚುತ್ತ ಹೋದರು. ಕೊನೆಯ ಸುತ್ತು ಬಿಚ್ಚಿದಾಗ ಹಾಳೆ ಕಾಣಲಿಲ್ಲ. ಗುಳಿಯ ತಳದಲ್ಲಿ ಕೆಂಪಗೆ, ಕಾಳುಕಾಳಾಗಿ ಹೊಸ ಮಾಂಸ ಎದ್ದಿತ್ತು.

ಅತ್ತೆ ಬಗ್ಗಿ ನೋಡಿದರು. "ಮೀನೆಲ್ಲಿ ಹೋಯ್ತು?"

"ನಿಮ್ಮ ಕಾಲು ತಿಂದ್ಹಾಕಿದೆ" ಎಂದರು ಸಿಸ್ಟರ್.

"ಮುಳ್ಳಿಲ್ಲದ ಮೀನು, ಬಿಡುತ್ತಾ" ಎಂದರು ಅತ್ತೆ. ಹೇಳಿ ನಗಲು ಹೋದವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಡಾಕ್ಟರಮ್ಮ ಆಪರೇಷನ್ ಬೇಡ ಎಂದರು. ಇನ್ನೂ ಹಲವು ಸಲ ಬರಬೇಕು, ಗಾಯ ಪೂರ್ತಿ ಮುಚ್ಚಲು ತಿಂಗಳುಗಳೇ ಬೇಕು, ಆದರೆ ಪಾದ ಉಳಿಯಿತು. ಕಿರುಬೆರಳು ಉಳಿಯಲಿಲ್ಲ. ಅದು ಕಪ್ಪಾಗಿತ್ತು. ಅದೊಂದನ್ನೇ ತೆಗೆದರು.

ಆ ಬೆರಳಿನ ಕೊರಗಿನಲ್ಲಿ ಮಾವ ಊಟ ಬಿಟ್ಟರು. ಅತ್ತೆ ಮಂಚದಿಂದಲೇ ಅವರನ್ನು ಕೆಣಕುತ್ತಿದ್ದರು. "ರೀ, ಬಾಲ ಕತ್ತರಿಸಿ ಕೊಟ್ರೂ ಗಿರಾಕಿ ಮೀನು ಬೇಡ ಅನ್ನಲ್ಲ. ನೀವು ಯಾಕೆ ಮುಖ ಹೀಗೆ ಇಟ್ಕೊಂಡಿದ್ದೀರಿ?" ಎನ್ನುತ್ತಿದ್ದರು. ಮಾವ ಬಾಗಿಲ ಬಳಿಯಿಂದ ಕದಲುತ್ತಿರಲಿಲ್ಲ.

ಒಂದು ಸಂಜೆ ಅತ್ತೆಯ ತಲೆ ಬಾಚುತ್ತ ನಾನು ಕೇಳಿಯೇಬಿಟ್ಟೆ. "ಅಲ್ಲ ಅತ್ತೆ, ಕಾಲಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗಿಲ್ಲ ನಿಮಗೆ. ಐಸ್ ಹಿತವಾಗಿದೆ ಅಂತ ಹೇಗೆ ಹೇಳ್ತಿದ್ರಿ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಗೊತ್ತಾಗ್ತಿರಲಿಲ್ಲ ಕಣೇ. ಹಿತವಾಗಿದೆ ಅಂದ್ರೆ ಇನ್ನೂ ಸ್ವಲ್ಪ ಹೊತ್ತು ಕೂತಿರ್ತಿದ್ರು. ಮದುವೆಯಾದಾಗಿನಿಂದ ಅವರು ಐಸ್ ಹಿಂದೆ, ನಾನು ಮೀನಿನ ಹಿಂದೆ. ಇಷ್ಟು ಹತ್ರ ಕೂತು ಮಾತಾಡಿದ್ದು ಆ ದಿನಗಳಲ್ಲೇ."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಗುಳಿಬಿದ್ದ ಕಾಲಿಟ್ಟುಕೊಂಡು ಇವರು ಅನುಭವಿಸಿದ ಸುಖ ಇದೊಂದೇ, ಅದನ್ನೂ ನಾನು ಬಕೆಟ್ಟಿಗೆಸೆದಿದ್ದೆ. ಜಡೆ ಮುಗಿಸಿ ನೇರ ಬಾಗಿಲಿಗೆ ಹೋದೆ.

"ಮಾವ, ಡಾಕ್ಟರಮ್ಮ ಒಂದು ಮಾತು ಹೇಳಿದ್ರು, ನಾನು ಮರೆತೇಬಿಟ್ಟಿದ್ದೆ. ಅತ್ತೆ ಹಿಮ್ಮಡೀನ ದಿನಾ ಸ್ವಲ್ಪ ಹೊತ್ತು ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ಕೂರಬೇಕಂತೆ. ಮನುಷ್ಯರ ಕೈ ಬಿಸಿ ಒಳ್ಳೇದಂತೆ. ನನಗೆ ಅಂಗಡಿ ಇದೆ, ಆಗಲ್ಲ."

ಡಾಕ್ಟರಮ್ಮ ಹಾಗೇನೂ ಹೇಳಿರಲಿಲ್ಲ. ಮುಂದಿನ ಸಲ ಹೋದಾಗ ಅವರಿಗೆ ವಿಷಯ ತಿಳಿಸಿ ಅವರ ಬಾಯಲ್ಲೇ ಹಾಗೆ ಹೇಳಿಸಿದರಾಯಿತು ಎಂದುಕೊಂಡೆ. ಮಾವ ತಮ್ಮ ಅಂಗೈ ನೋಡಿಕೊಂಡರು. "ನನ್ನ ಕೈ ಬೇಡಮ್ಮ" ಎಂದರು.

"ನಿಮ್ಮದೇ ಆಗಬೇಕಂತೆ" ಎಂದು ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟೆ.

ಅವರು ಚಹಾ ಕುಡಿಯಲಿಲ್ಲ. ಲೋಟವನ್ನು ಎರಡೂ ಅಂಗೈಗಳ ನಡುವೆ ಬಿಗಿಯಾಗಿ ಹಿಡಿದುಕೊಂಡರು. ಆಗಾಗ ಒಂದು ಕೈ ಬಿಡಿಸಿ ತಮ್ಮ ಕೆನ್ನೆಗೆ ಇಟ್ಟು ನೋಡಿಕೊಳ್ಳುತ್ತಿದ್ದರು, ಸಾಲದೆನ್ನಿಸಿ ಮತ್ತೆ ಲೋಟ ಹಿಡಿಯುತ್ತಿದ್ದರು. ಚಹಾ ಆರಿದ ಮೇಲೆ ಲೋಟ ಕೆಳಗಿಟ್ಟು, ಮಂಚದ ಪಕ್ಕ ಕೂತು, ಹೊದಿಕೆ ಸರಿಸಿ, ಅತ್ತೆಯ ಹಿಮ್ಮಡಿಯನ್ನು ಎರಡೂ ಕೈಗಳಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ತಣ್ಣಗಿಲ್ಲ ತಾನೆ?" ಎಂದು ಕೇಳಿದರು.

ಅತ್ತೆ ನನ್ನತ್ತ ನೋಡಿದರು. ನಾನು ಏಪ್ರನ್ ಎತ್ತಿಕೊಂಡು ಹೊರಡುವವಳಂತೆ ಬಾಗಿಲ ಕಡೆ ತಿರುಗಿದೆ.

"ಇಲ್ಲ ರೀ, ಬೆಚ್ಚಗಿದೆ" ಎಂದರು ಅತ್ತೆ.